ಮನೆಗೆ ಯಾವುದು ಸರಿ: ಕ್ಲಾವಿಕಾರ್ಡೋ, ವರ್ಜಿನಲ್ಲೋ, ಹಾರ್ಪ್ಸಿಕಾರ್ಡೋ, ಹಳೇ ಪಿಯಾನೊನೋ?

ಬಾಖ್, ಸ್ಕಾರ್ಲಾಟಿ, ಕೂಪ್ರಾಂ ಅಂತ ಹಳೇ ಯುರೋಪಿನ ಸಂಗೀತ ಕೇಳುತ್ತಾ ಹೋದವರಿಗೆ ಒಂದಲ್ಲ ಒಂದು ದಿನ ಆಸೆ ಹುಟ್ಟುತ್ತದೆ, ಮನೆಯಲ್ಲೊಂದು ಹಾರ್ಪ್ಸಿಕಾರ್ಡ್, ಅಂದರೆ ಕೀ ಒತ್ತಿದರೆ ತಂತಿ ಮೀಟುವ ಆ ವಾದ್ಯ, ಇದ್ದರೆ ಹೇಗೆ ಅಂತ. ಇಟ್ಟುಕೊಳ್ಳಬಹುದು, ಖಂಡಿತ. ಆದರೆ ಹಾರ್ಪ್ಸಿಕಾರ್ಡೇ ಯಾಕೆ? ಪಿಯಾನೊ ಮನೆಮನೆಗೆ ಬರುವ ಮುಂಚೆ ಆ ಮನೆಗಳಲ್ಲಿ ಕೀ ಇರುವ ವಾದ್ಯಗಳು ಬೇಕಾದಷ್ಟು ಇದ್ದವು. ದೊಡ್ಡ ಹಾರ್ಪ್ಸಿಕಾರ್ಡ್ ಅರಮನೆಯಲ್ಲೋ ಸಾಹುಕಾರರ ಹಜಾರದಲ್ಲೋ ಇರುತ್ತಿತ್ತು. ಸಾಮಾನ್ಯ ಮನೆಯಲ್ಲಿ ಮಕ್ಕಳು ಕಲಿತದ್ದು, ಹೆಣ್ಣುಮಕ್ಕಳು ಹಾಡುತ್ತಾ ನುಡಿಸಿದ್ದು, ಚರ್ಚಿನ ಆರ್ಗನ್ ನುಡಿಸುವವರು ರಾತ್ರಿ ಅಭ್ಯಾಸ ಮಾಡಿದ್ದು ಬೇರೆ ಚಿಕ್ಕ ವಾದ್ಯಗಳ ಮೇಲೆ.

ಈಗಲೂ ಇವೆಲ್ಲ ಸಿಗುತ್ತವೆ. ಹಳೇ ವಾದ್ಯಗಳನ್ನು ಅಳತೆ ಮಾಡಿ ಅದರಂತೆಯೇ ಹೊಸದು ಮಾಡಿಕೊಡುವವರು ಯುರೋಪು, ಅಮೆರಿಕದಲ್ಲಿ ಸಾಕಷ್ಟು ಜನ ಇದ್ದಾರೆ. ಸೆಕೆಂಡ್ ಹ್ಯಾಂಡ್ ಕೂಡ ಬರುತ್ತಿರುತ್ತದೆ. ಆರಿಸುವಾಗ ಜನ ಸಾಮಾನ್ಯವಾಗಿ ರೆಕಾರ್ಡಿಂಗಿನಲ್ಲಿ ಯಾವುದು ಚೆನ್ನಾಗಿ ಕೇಳಿತು ಅಂತ ನೋಡುತ್ತಾರೆ. ನಾನು ಮೊದಲು ಕೇಳುವುದೇ ಬೇರೆ. ನೀವು ನುಡಿಸುವುದನ್ನು ಮನೆಯಲ್ಲಿ ಯಾರು ಕೇಳುತ್ತಾರೆ? ಎಷ್ಟು ಹೊತ್ತಿನಲ್ಲಿ ನುಡಿಸುತ್ತೀರಿ? ಒಬ್ಬರೇನಾ, ಜೊತೆಗೆ ಹಾಡುವವರೋ ವಯೊಲಿನ್ ನುಡಿಸುವವರೋ ಇದ್ದಾರಾ? ಇದಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಆಯ್ಕೆ ಅಲ್ಲೇ ಮುಗಿಯುತ್ತದೆ. ಜಾಗ, ದುಡ್ಡು, ಯಾರ ಸಂಗೀತ ಅನ್ನುವುದೆಲ್ಲ ಆಮೇಲೆ.

ಕ್ಲಾವಿಕಾರ್ಡ್

ಇದನ್ನು ಮೊದಲು ಹೇಳುತ್ತಿದ್ದೇನೆ, ಯಾಕೆಂದರೆ ಅಂಗಡಿಯಲ್ಲಾಗಲಿ ಕಛೇರಿಯಲ್ಲಾಗಲಿ ಇದು ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ನೋಡಲು ಉದ್ದನೆಯ ಮರದ ಪೆಟ್ಟಿಗೆ. ಚಿಕ್ಕದಾದರೆ ಒಂದೂಕಾಲು ಮೀಟರ್ ಉದ್ದ ಇರಬಹುದು, ಯಾವುದೋ ಮೇಜಿನ ಮೇಲೆ ಇಟ್ಟುಕೊಂಡು ನುಡಿಸಬಹುದು, ಮನೆ ಬದಲಾಯಿಸುವಾಗ ಇಬ್ಬರು ಹಿಡಿದರೆ ಕಾರಿನೊಳಗೆ ಹೋಗುತ್ತದೆ.

ಒಳಗಿನ ಕೆಲಸ ಬಹಳ ಸರಳ. ಪ್ರತಿ ಕೀಯೂ ಒಂದು ಉದ್ದನೆಯ ಮರದ ಪಟ್ಟಿ. ಅದರ ಆಚೆ ತುದಿಯಲ್ಲಿ ಹಿತ್ತಾಳೆಯ ತೆಳ್ಳಗಿನ ಚೂರೊಂದು ನೆಟ್ಟಗೆ ನಿಂತಿರುತ್ತದೆ, ಅದಕ್ಕೆ ಟ್ಯಾಂಜೆಂಟ್ ಅನ್ನುತ್ತಾರೆ. ಕೀ ಒತ್ತಿದರೆ ಟ್ಯಾಂಜೆಂಟ್ ಮೇಲೆದ್ದು ತಂತಿಗೆ ತಾಗುತ್ತದೆ, ತಾಗಿ ವಾಪಸ್ ಬೀಳುವುದಿಲ್ಲ, ಬೆರಳು ಎತ್ತುವ ತನಕ ತಂತಿಯನ್ನು ಒತ್ತಿಕೊಂಡೇ ಇರುತ್ತದೆ. ಅಲ್ಲಿಂದ ಕುದುರೆಯವರೆಗಿನ, ಅಂದರೆ ತಂತಿಯನ್ನು ಹೊತ್ತ ಮರದ ಪಟ್ಟಿಯವರೆಗಿನ ತಂತಿ ಮಾತ್ರ ನುಡಿಯುತ್ತದೆ. ಇನ್ನೊಂದು ಕಡೆಯ ತಂತಿಗಳಿಗೆ ಉಣ್ಣೆ ಬಟ್ಟೆಯ ಪಟ್ಟಿ ಹೆಣೆದಿರುತ್ತಾರೆ, ಬೆರಳು ಎತ್ತಿದ ತಕ್ಷಣ ಅದೇ ಬಟ್ಟೆ ಇಡೀ ತಂತಿಯ ದನಿ ನಿಲ್ಲಿಸುತ್ತದೆ. ವೀಣೆಯ ಮೆಟ್ಟಿಲೂ ಮೀಟುವ ಬೆರಳೂ ಎರಡೂ ಒಂದೇ ಆದ ಹಾಗೆ ಅಂದುಕೊಳ್ಳಿ.

ಇದರಿಂದ ಏನಾಗುತ್ತದೆ ಗೊತ್ತಾ? ತಂತಿ ನಿಮ್ಮ ಬೆರಳ ತುದಿಗೇ ಸಿಗುತ್ತದೆ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಗಟ್ಟಿಯಾಗಿ ಒತ್ತಿದರೆ ಸ್ವಲ್ಪ ಜೋರಾಗಿ. ನುಡಿಯುತ್ತಿರುವಾಗಲೇ ಇನ್ನೂ ಸ್ವಲ್ಪ ಅದುಮಿದರೆ ತಂತಿ ಬಿಗಿಯಾಗಿ ಶ್ರುತಿ ಒಂದು ಎಳೆ ಏರುತ್ತದೆ. ಬೆರಳನ್ನು ಅಲ್ಲೇ ಮೆಲ್ಲಗೆ ಆಡಿಸಿದರೆ ಸ್ವರ ನಡುಗುತ್ತದೆ, ಜರ್ಮನ್ನರು ಅದಕ್ಕೆ ಬೇಬುಂಗ್ ಅನ್ನುತ್ತಿದ್ದರು. ನಮ್ಮ ಗಮಕಕ್ಕೆ ಇದನ್ನು ಹೋಲಿಸಲಾಗದು, ಅಷ್ಟು ದೂರ ತಂತಿ ಬಾಗುವುದಿಲ್ಲ. ಆದರೆ ಕೀ ಒತ್ತಿದ ಮೇಲೂ ಸ್ವರ ನಿಮ್ಮ ಕೈಯಲ್ಲೇ ಉಳಿಯುವ ವಾದ್ಯ ಇಲ್ಲಿ ಹೇಳುವವುಗಳಲ್ಲಿ ಇದೊಂದೇ. ಹಾರ್ಪ್ಸಿಕಾರ್ಡಿನಲ್ಲಿ, ಪಿಯಾನೊದಲ್ಲಿ ತಂತಿ ಮೀಟಿಯೋ ಹೊಡೆದೋ ಆದ ಮೇಲೆ ಆ ಸ್ವರದ ಶ್ರುತಿಯ ಮೇಲೆ ನಿಮಗೆ ಹಿಡಿತವಿಲ್ಲ. ಇದಕ್ಕೆ ಬೆಲೆಯೂ ಕೊಡಬೇಕು. ಒತ್ತಡ ಒಂದೇ ಸಮ ಇರದಿದ್ದರೆ ವಾದ್ಯವೇ ಅಪಶ್ರುತಿ ಅನಿಸುತ್ತದೆ. ಹೊಸಬರ ಕೈಯಲ್ಲಿ ಮೊದಲ ವಾರಗಳು ಹಾಗೇ ಇರುತ್ತವೆ, ಗಾಬರಿ ಬೇಡ, ಕೈ ತಾನಾಗಿ ಕಲಿಯುತ್ತದೆ.

ಇನ್ನು ದನಿ. ಬಹಳ ಸಣ್ಣದು. ಎಷ್ಟು ಸಣ್ಣದು ಅಂದರೆ ಪಕ್ಕದಲ್ಲಿ ಫ್ರಿಜ್ ಓಡುತ್ತಿದ್ದರೆ ಕಿರಿಕಿರಿ ಆಗುತ್ತದೆ, ಫ್ಯಾನ್ ಹಾಕಿದರೆ ಕಥೆ ಮುಗೀತು. ಪಕ್ಕದ ಕೋಣೆಯಲ್ಲಿ ಮಲಗಿರುವ ಮಗು ಏಳುವುದಿಲ್ಲ, ಮೇಲಿನ ಮನೆಯವರಿಗೆ ವಾದ್ಯ ಇದೆ ಅನ್ನುವುದೇ ಗೊತ್ತಾಗುವುದಿಲ್ಲ. ಹಿಂದಿನವರು ಇಟ್ಟುಕೊಂಡದ್ದೂ ಇದಕ್ಕೇ. ಆರ್ಗನ್ ನುಡಿಸುವವರಿಗೆ ಚರ್ಚಿನಲ್ಲಿ ಅಭ್ಯಾಸ ಮಾಡಬೇಕು ಅಂದರೆ ತಿದಿ ಒತ್ತಲು ಇನ್ನೊಬ್ಬ ಬೇಕು, ಚಳಿಗಾಲದಲ್ಲಿ ಒಳಗೆ ಕೊರೆಯುತ್ತಿರುತ್ತದೆ. ಹಾಗಾಗಿ ಮನೆಯಲ್ಲಿ ಕ್ಲಾವಿಕಾರ್ಡ್. ಕೆಲವರು ಕಾಲಲ್ಲಿ ನುಡಿಸುವ ಪೆಡಲುಗಳನ್ನೂ ಅದಕ್ಕೆ ಸೇರಿಸಿಕೊಳ್ಳುತ್ತಿದ್ದರು.

ಬಡವರ ವಾದ್ಯ ಅಂತ ಇದನ್ನು ಕಡೆಗಣಿಸುವವರಿಗೆ ನಾನು ಹೇಳುವುದು ಕಾರ್ಲ್ ಫಿಲಿಪ್ ಎಮಾನುಯೆಲ್ ಬಾಖ್ ಬಗ್ಗೆ, ಅಂದರೆ ದೊಡ್ಡ ಬಾಖ್ ಅವರ ಮಗ. ಕೀಬೋರ್ಡ್ ನುಡಿಸುವವರ ಯೋಗ್ಯತೆ ಸರಿಯಾಗಿ ತಿಳಿಯುವುದು ಕ್ಲಾವಿಕಾರ್ಡಿನ ಮೇಲೇ ಅಂತ 1753ರಲ್ಲಿ ಅಚ್ಚಾದ ತಮ್ಮ ಪಾಠದ ಪುಸ್ತಕದಲ್ಲಿ ಅವರು ಬರೆದರು. 1772ರಲ್ಲಿ ಇಂಗ್ಲೆಂಡಿನ ಸಂಗೀತ ಇತಿಹಾಸಕಾರ ಚಾರ್ಲ್ಸ್ ಬರ್ನಿ ಹ್ಯಾಂಬರ್ಗಿಗೆ ಹೋಗಿ ಅವರ ಮನೆಯಲ್ಲಿ ಊಟ ಮಾಡಿದರು. ಊಟ ಆದ ಮೇಲೆ ಬರ್ನಿ ಒತ್ತಾಯ ಮಾಡಿ ಕೂರಿಸಿದ್ದಕ್ಕೆ ಬಾಖ್ ಹೆಚ್ಚು ಬಿಡುವಿಲ್ಲದೆ ರಾತ್ರಿ ಹನ್ನೊಂದರ ಹತ್ತಿರದವರೆಗೆ ನುಡಿಸಿದರಂತೆ. ನುಡಿಸಿದ್ದು ಸಿಲ್ಬರ್‌ಮಾನ್ ಮಾಡಿದ ತಮ್ಮ ಮೆಚ್ಚಿನ ಕ್ಲಾವಿಕಾರ್ಡು. 1781ರಲ್ಲಿ ಅದನ್ನು ಬೇರೆಯವರಿಗೆ ಕೊಟ್ಟಾಗ ಅದಕ್ಕೆ ವಿದಾಯ ಹೇಳಲೆಂದೇ ರೊಂಡೊ ಅನ್ನುವ ಬಗೆಯ ಒಂದು ರಚನೆ ಬರೆದರು. ಅದನ್ನು ಕ್ಲಾವಿಕಾರ್ಡಿನ ಮೇಲೇ ಕೇಳಿ, ಪಿಯಾನೊದಲ್ಲಿ ಅದರ ಅರ್ಧ ಜೀವ ಹೋಗಿಬಿಡುತ್ತದೆ.

ಕೊಳ್ಳುವಾಗ ಎರಡು ಜಾತಿ ಎದುರಾಗುತ್ತವೆ. ಒಂದು, ಎರಡು ಮೂರು ಕೀಗಳು ಒಂದೇ ಜೋಡಿ ತಂತಿಯನ್ನು ಹಂಚಿಕೊಳ್ಳುವಂಥದ್ದು, ಇದು ಫ್ರೆಟೆಡ್. ತಂತಿ ಕಡಿಮೆ, ತೂಕ ಕಡಿಮೆ, ಶ್ರುತಿ ಸೇರಿಸುವುದು ಬೇಗ ಮುಗಿಯುತ್ತದೆ, ಬೆಲೆಯೂ ಕಡಿಮೆ. ತಂತಿ ಹಂಚಿಕೊಂಡ ಆ ಪಕ್ಕಪಕ್ಕದ ಸ್ವರಗಳನ್ನು ಮಾತ್ರ ಒಟ್ಟಿಗೆ ನುಡಿಸಲಾಗದು. ಇನ್ನೊಂದರಲ್ಲಿ ಪ್ರತಿ ಕೀಗೂ ಅದರದೇ ತಂತಿ, ಇದು ಅನ್‌ಫ್ರೆಟೆಡ್. ದೊಡ್ಡದು, ಭಾರ, ಹದಿನೆಂಟನೇ ಶತಮಾನದ ಕೊನೆಯ ಸಂಗೀತಕ್ಕೆ ಇದು ಬೇಕು. ಹಳೇ ಸಂಗೀತ, ಬಾಖ್ ಅವರ ಚಿಕ್ಕ ಪ್ರೆಲ್ಯೂಡುಗಳು, ಇನ್ವೆನ್ಶನ್‌ಗಳು ಇಷ್ಟೇ ಸದ್ಯಕ್ಕೆ ಅನ್ನುವವರಿಗೆ ಫ್ರೆಟೆಡ್ ಧಾರಾಳ ಸಾಕು.

ಬಾಡಿಗೆ ಫ್ಲಾಟಿನಲ್ಲಿದ್ದು, ಕೆಲಸ ಮುಗಿಸಿ ಬಂದು ರಾತ್ರಿ ಒಬ್ಬರೇ ನುಡಿಸುವವರಾದರೆ ಮುಂದೆ ಓದುವ ಅಗತ್ಯವೂ ಇಲ್ಲ. ಇದನ್ನೇ ತನ್ನಿ. ಜೊತೆಗೆ ಯಾರೋ ಹಾಡಬೇಕು, ವಯೊಲಿನ್ ಬೇಕು ಅಂದರೆ ಮಾತ್ರ ಇದು ಆಗದು, ಅವರ ಮುಂದೆ ಇದರ ದನಿ ಪೂರ್ತಿ ಮುಳುಗಿಹೋಗುತ್ತದೆ.

ವರ್ಜಿನಲ್ ಮತ್ತು ಸ್ಪಿನೆಟ್

ಇಲ್ಲಿಂದ ತಂತಿಯನ್ನು ಮೀಟುವ ವಾದ್ಯಗಳು. ವರ್ಜಿನಲ್ಲೂ ಸ್ಪಿನೆಟ್ಟೂ ಹಾರ್ಪ್ಸಿಕಾರ್ಡಿನ ಮನೆತನದವೇ. ಕೀಗೆ ಒಂದೇ ತಂತಿ, ಒಂದೇ ಸಾಲು ಕೀ. ವರ್ಜಿನಲ್ ಆಯತಾಕಾರದ ಪೆಟ್ಟಿಗೆ, ತಂತಿಗಳು ಕೀಗಳಿಗೆ ಅಡ್ಡಲಾಗಿ ಓಡುತ್ತವೆ. ಸ್ಪಿನೆಟ್ಟಿನಲ್ಲಿ ಓರೆಯಾಗಿ ಓಡುತ್ತವೆ, ಅದಕ್ಕೇ ಅದರ ಒಂದು ಬದಿ ಬಾಗಿರುತ್ತದೆ, ಕೋಣೆಯ ಮೂಲೆಗೆ ಚೆನ್ನಾಗಿ ಕೂರುತ್ತದೆ.

ಮನೆಯ ಸಂಗೀತದ ಚಿತ್ರ ಅಂದರೆ ನನಗೆ ನೆನಪಾಗುವುದು ಡಚ್ ಚಿತ್ರಕಾರ ವರ್ಮೀರ್ ಬಿಡಿಸಿದ ವರ್ಜಿನಲ್‌ಗಳು. ಒಂದು ಚಿತ್ರದಲ್ಲಿ ಹುಡುಗಿ ನಮಗೆ ಬೆನ್ನು ಹಾಕಿ ನಿಂತು ನುಡಿಸುತ್ತಿದ್ದಾಳೆ, ವಾದ್ಯದ ಮುಚ್ಚಳದ ಮೇಲೆ ಲ್ಯಾಟಿನ್‌ನಲ್ಲಿ ಬರೆದಿದೆ: ಸಂಗೀತ ಸಂತೋಷಕ್ಕೆ ಜೊತೆಗಾತಿ, ದುಃಖಕ್ಕೆ ಮದ್ದು. ಇಂಥ ವಾದ್ಯಗಳನ್ನು ಮಾಡುತ್ತಿದ್ದವರಲ್ಲಿ ದೊಡ್ಡ ಹೆಸರು ಆಂಟ್ವರ್ಪಿನ ರೂಕರ್ಸ್ ಮನೆತನದ್ದು. ಲಂಡನ್ನಿನಲ್ಲಿ ಇವು ಎಷ್ಟು ಬಳಕೆಯಲ್ಲಿದ್ದವು ಅನ್ನುವುದಕ್ಕೆ ಸ್ಯಾಮ್ಯುಯೆಲ್ ಪೀಪ್ಸ್ ಅವರ ದಿನಚರಿ ಸಾಕ್ಷಿ. 1666ರ ಸೆಪ್ಟೆಂಬರಿನಲ್ಲಿ ಊರಿಗೇ ಬೆಂಕಿ ಬಿದ್ದು ಜನ ಸಾಮಾನು ಸರಂಜಾಮನ್ನು ಥೇಮ್ಸ್ ನದಿಯ ದೋಣಿಗೆ ತುಂಬುತ್ತಿದ್ದಾಗ, ಮನೆ ಸಾಮಾನು ಹೊತ್ತ ಮೂರು ದೋಣಿಗೆ ಒಂದರಲ್ಲಾದರೂ ವರ್ಜಿನಲ್ ಇತ್ತು ಅಂತ ಅವರು ಬರೆದಿದ್ದಾರೆ. ಮನೆ ಸುಡುತ್ತಿರುವಾಗ ಹೊತ್ತುಕೊಂಡು ಓಡುವಷ್ಟು ಬೇಕಾದ ವಸ್ತು, ಅಲ್ವಾ! ಅವರೇ 1668ರಲ್ಲಿ ಒಂದು ಸ್ಪಿನೆಟ್ ತಂದರು, 5 ಪೌಂಡ್ ಕೊಟ್ಟು.

ವರ್ಜಿನಲ್ಲಿನಲ್ಲೂ ಎರಡು ಬಗೆ. ಕೀಗಳು ಎಡಕ್ಕೆ ಇದ್ದರೆ ತಂತಿಯನ್ನು ತುದಿಯ ಹತ್ತಿರ ಮೀಟುತ್ತದೆ, ದನಿ ಚುರುಕು, ಎಲ್ಲಕ್ಕೂ ಸರಿಹೋಗುತ್ತದೆ. ಕೀಗಳು ಬಲಕ್ಕೆ ಇರುವುದಕ್ಕೆ ಮ್ಯುಸೆಲಾರ್ ಅಂತ ಹೆಸರು. ಇದು ತಂತಿಯ ನಡು ಹತ್ತಿರ ಮೀಟುತ್ತದೆ, ದನಿ ದುಂಡಗೆ, ತುಂಬಿಕೊಂಡು ಬರುತ್ತದೆ. ಒಮ್ಮೆ ಕೇಳಿದರೆ ಬಿಡಲು ಮನಸ್ಸಾಗುವುದಿಲ್ಲ. ಆದರೆ ಎಡಗೈ ಕಡೆ ಇದರ ಯಂತ್ರ ಸೌಂಡ್‌ಬೋರ್ಡಿನ, ಅಂದರೆ ದನಿ ಹೊಮ್ಮಿಸುವ ತೆಳು ಹಲಗೆಯ ನಡುವೆಯೇ ಬರುವುದರಿಂದ ಸದ್ದು ಜಾಸ್ತಿ, ಅಲ್ಲಿ ಒಂದೇ ಸ್ವರವನ್ನು ಬೇಗ ಬೇಗ ನುಡಿಸುವುದೂ ಕಷ್ಟ. ಹಾಲೆಂಡಿನ ಆರ್ಗನ್ ವಾದಕ ಕ್ವಿರಿನುಸ್ ವಾನ್ ಬ್ಲಾಂಕೆನ್‌ಬುರ್ಗ್ ಹದಿನೆಂಟನೇ ಶತಮಾನದಲ್ಲೇ ಈ ವಾದ್ಯಗಳು ಮಂದ್ರದಲ್ಲಿ ಹಂದಿಮರಿಗಳ ಹಾಗೆ ಗುರುಗುಟ್ಟುತ್ತವೆ ಅಂತ ಬೈದರು. ನಾನಾದರೆ ಬರ್ಡ್, ಬುಲ್, ಗಿಬ್ಬನ್ಸ್, ಸ್ವೇಲಿಂಕ್ ಅಂಥ 1600ರ ಸುಮಾರಿನವರ ರಚನೆ ಇಷ್ಟೇ ನುಡಿಸುವವರಿಗೆ ಮ್ಯುಸೆಲಾರ್ ತನ್ನಿ ಅನ್ನುತ್ತೇನೆ, ಬಾಖ್ ಕೂಡ ಬೇಕು ಅನ್ನುವವರಿಗೆ ಬೇಡ ಅನ್ನುತ್ತೇನೆ. ನುಡಿಸಲು ಸಂಗೀತ ಸಾಲದು ಅನ್ನುವ ಚಿಂತೆ ಬೇಡ. ಕೇಂಬ್ರಿಡ್ಜಿನಲ್ಲಿರುವ ಫಿಟ್ಸ್‌ವಿಲಿಯಮ್ ವರ್ಜಿನಲ್ ಪುಸ್ತಕ ಒಂದರಲ್ಲೇ ಸುಮಾರು 300 ರಚನೆಗಳಿವೆ.

ಈ ಹಳೇ ವಾದ್ಯಗಳಲ್ಲಿ ಒಂದು ವಿಚಿತ್ರ ಇದೆ, ಗೊತ್ತಿಲ್ಲದೆ ಹೋದರೆ ಅಂಗಡಿಯಲ್ಲಿ ಗಲಿಬಿಲಿ ಆಗುತ್ತದೆ. ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ ಹೇಳುವುದಾದರೆ, ತೀರಾ ಎಡಗಡೆಯ ಕೀ ನೋಡಲು ಇ (E), ನುಡಿಯುವುದು ಸಿ (C). ಎಫ್ ಶಾರ್ಪ್ ಇರಬೇಕಾದ ಕೀ ಡಿ ನುಡಿಯುತ್ತದೆ, ಜಿ ಶಾರ್ಪ್ ಇರಬೇಕಾದ್ದು ಇ. ಕೆಳಗಿನ ಸ್ಥಾಯಿಯಲ್ಲಿ ಆಗ ಬಳಸದ ಅರ್ಧಸ್ವರಗಳನ್ನು ಬಿಟ್ಟು ಜಾಗ ಉಳಿಸಿದ ಉಪಾಯ ಇದು, ಶಾರ್ಟ್ ಆಕ್ಟೇವ್ ಅನ್ನುತ್ತಾರೆ. ಬರ್ಡ್ ಕಾಲದ ಸಂಗೀತದಲ್ಲಿ ಎಡಗೈಗೆ ಇದು ಬಹಳ ಅನುಕೂಲ. ಮುಂದಿನ ಕಾಲದ ಸಂಗೀತಕ್ಕೆ ಅಡ್ಡಿ.

ಮಕ್ಕಳಿಗೆ ಕಲಿಸಲು ಅಂದರೆ ಸ್ಪಿನೆಟ್. ಇದು ನನ್ನ ಮಾತಷ್ಟೇ ಅಲ್ಲ. 1716ರಲ್ಲಿ ಫ್ರಾನ್ಸ್ವಾ ಕೂಪ್ರಾಂ ಬರೆದ ಪಾಠದ ಪುಸ್ತಕದಲ್ಲಿ ಚಿಕ್ಕ ಮಕ್ಕಳಿಗೆ ಸ್ಪಿನೆಟ್ಟೋ ಹಾರ್ಪ್ಸಿಕಾರ್ಡಿನ ಒಂದೇ ಸಾಲು ಕೀಗಳೋ ಸಾಕು, ಮೀಟುವ ಗರಿಯೂ ಬಹಳ ಮೆದುವಾಗಿರಲಿ, ಇಲ್ಲದಿದ್ದರೆ ಕೈ ಬಿರುಸಾಗಿ ಕೆಡುತ್ತದೆ ಅಂದಿದ್ದಾರೆ. ಮೇಷ್ಟ್ರು ಇಲ್ಲದಾಗ ಮಕ್ಕಳು ಅಭ್ಯಾಸ ಮಾಡಿ ಕೈ ಕೆಡಿಸಿಕೊಳ್ಳದಿರಲಿ ಅಂತ ವಾದ್ಯದ ಬೀಗದಕೈಯನ್ನೇ ತೆಗೆದುಕೊಂಡು ಹೋಗುತ್ತಿದ್ದರಂತೆ! ಅಷ್ಟು ಕಟ್ಟುನಿಟ್ಟು ನಮಗೆ ಬೇಡ, ಆದರೆ ಮೆದು ಗರಿಯ ಮಾತು ಇವತ್ತಿಗೂ ಸರಿ. ಬೆಲೆ? ದೊಡ್ಡ ಬಾಖ್ 1750ರಲ್ಲಿ ತೀರಿಕೊಂಡಾಗ ಮನೆಯ ಆಸ್ತಿಯ ಪಟ್ಟಿ ಮಾಡಿದರು. ಅದರಲ್ಲಿ ಒಳ್ಳೆಯ ಹಾರ್ಪ್ಸಿಕಾರ್ಡಿಗೆ 80 ಥಾಲರ್ (ಆಗಿನ ಜರ್ಮನ್ ನಾಣ್ಯ), ಚಿಕ್ಕ ಸ್ಪಿನೆಟ್ಟಿಗೆ 3 ಥಾಲರ್. ಈಗ ಅಷ್ಟು ಅಂತರ ಇಲ್ಲ, ಆದರೂ ಸ್ಪಿನೆಟ್ಟಿನ ಬೆಲೆಗೆ ದೊಡ್ಡ ಹಾರ್ಪ್ಸಿಕಾರ್ಡ್ ಎಲ್ಲೂ ಬರುವುದಿಲ್ಲ.

ಹಾರ್ಪ್ಸಿಕಾರ್ಡ್

ಎಲ್ಲರ ಕನಸು ಇದು, ನನಗೂ ಇದರ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಉದ್ದನೆಯ ಮೈ, ಎರಡೋ ಮೂರೋ ಸಾಲು ತಂತಿ, ಒಂದು ಅಥವಾ ಎರಡು ಸಾಲು ಕೀ. ಎಲ್ಲ ತಂತಿಗಳನ್ನೂ ಸೇರಿಸಿ ನುಡಿಸಿದಾಗ ಕೋಣೆಯೇ ತುಂಬುತ್ತದೆ. ಹಾಡಿಗೆ, ವಯೊಲಿನ್ನಿಗೆ, ಕೊಳಲಿಗೆ ಜೊತೆ ನುಡಿಸಲು ಇದಕ್ಕೆ ಸಮ ಇಲ್ಲ.

ಒಂದು ಸ್ವರ ಹೇಗೆ ಬರುತ್ತದೆ ನೋಡಿ. ಕೀಯ ಆಚೆ ತುದಿಯ ಮೇಲೆ ಜ್ಯಾಕ್ ಅನ್ನುವ ಚಪ್ಪಟೆ ಮರದ ಕಡ್ಡಿ ನಿಂತಿರುತ್ತದೆ. ಅದರ ಮೇಲ್ಭಾಗದಲ್ಲಿ ಹಿಂದಕ್ಕೆ ವಾಲಬಲ್ಲ ಪುಟ್ಟ ನಾಲಿಗೆ, ನಾಲಿಗೆಯಿಂದ ಹೊರಗೆ ಚಾಚಿಕೊಂಡ ಮೀಟುವ ಗರಿ. ಹಿಂದೆ ಕಾಗೆಯ ಗರಿ ಹಾಕುತ್ತಿದ್ದರು, ಈಗ ಹೆಚ್ಚಾಗಿ ಡೆಲ್ರಿನ್ ಅನ್ನುವ ಪ್ಲಾಸ್ಟಿಕ್. ಕೀ ಒತ್ತಿದರೆ ಜ್ಯಾಕ್ ಏರಿ ಗರಿ ತಂತಿಯನ್ನು ಮೀಟುತ್ತದೆ. ಬೆರಳು ಎತ್ತಿದರೆ ಜ್ಯಾಕ್ ಕೆಳಗೆ ಬೀಳುವಾಗ ನಾಲಿಗೆ ಹಿಂದಕ್ಕೆ ಸರಿದು ಗರಿಯನ್ನು ಸದ್ದಿಲ್ಲದೆ ಇಳಿಸುತ್ತದೆ, ಪಕ್ಕದಲ್ಲಿರುವ ಬಟ್ಟೆಯ ಚೂರು ತಂತಿಯ ಮೇಲೆ ಕೂತು ದನಿ ನಿಲ್ಲಿಸುತ್ತದೆ. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ದನಿ ಹೆಚ್ಚು ಕಡಿಮೆ ಒಂದೇ.

ಹಾರ್ಮೋನಿಯಂ ನುಡಿಸಿ ರೂಢಿ ಇರುವವರಿಗೆ ಇದು ಹೊಸದೇನೂ ಅನಿಸುವುದಿಲ್ಲ, ಅಲ್ಲೂ ದನಿ ಜೋರಾಗುವುದು ತಿದಿಯಿಂದ, ಬೆರಳಿನಿಂದ ಅಲ್ಲ. ಇಲ್ಲಿ ತಿದಿಯೂ ಇಲ್ಲ. ಬೆರಳನ್ನು ಯಾವಾಗ ಎತ್ತುತ್ತೀರಿ, ಎರಡು ಸ್ವರಗಳ ನಡುವೆ ಎಷ್ಟು ಜಾಗ ಬಿಡುತ್ತೀರಿ, ಯಾವುದನ್ನು ಒಂದು ಕ್ಷಣ ತಡಮಾಡಿ ಹಾಕುತ್ತೀರಿ, ಇದರಲ್ಲೇ ಎಲ್ಲ ಭಾವ ತರಬೇಕು. ಪಿಯಾನೊ ಕಲಿತು ಬಂದವರಿಗೆ ಇದು ಹಿಡಿಯಲು ಹೊತ್ತು ಬೇಕಾಗುತ್ತದೆ.

ಎರಡು ಸಾಲು ಕೀ ಬೇಕೇಬೇಕಾ? ಗೋಲ್ಡ್‌ಬರ್ಗ್ ವೇರಿಯೇಶನ್ಸ್, ಇಟಾಲಿಯನ್ ಕನ್ಸರ್ಟೊ ಇವನ್ನು ಬಾಖ್ ಎರಡು ಸಾಲಿಗೆ ಅಂತಲೇ ಬರೆದರು. ಅವೇ ನಿಮ್ಮ ಗುರಿ ಆದರೆ ಬೇಕು. ಉಳಿದಂತೆ ಸ್ಕಾರ್ಲಾಟಿ, ಹ್ಯಾಂಡೆಲ್, ಫ್ರೆಸ್ಕೊಬಾಲ್ಡಿ, ಬಾಖ್ ಅವರ 48 ಪ್ರೆಲ್ಯೂಡು ಫ್ಯೂಗುಗಳು ಎಲ್ಲವೂ ಒಂದೇ ಸಾಲಿನಲ್ಲಿ ಆರಾಮಾಗಿ ಬರುತ್ತವೆ. ಎರಡು ಸಾಲಿನದು ಎರಡೂವರೆ ಮೀಟರ್ ಹತ್ತಿರ ಉದ್ದ, ಬೆಲೆ ಒಂದು ಕಾರಿನಷ್ಟು. ಒಂದು ಸಾಲಿನ ಇಟಾಲಿಯನ್ ಮಾದರಿ ಹಗುರ, ದನಿ ಚುರುಕು, ಶ್ರುತಿ ಸೇರಿಸಲು ತಂತಿಯೂ ಕಡಿಮೆ. ಮನೆಗೆ ಅದೇ ಮೇಲು. ನೋಡಬೇಕಾದ ಇನ್ನೊಂದು ವಿಷಯ ಕೀಗಳ ಹರವು. ಸ್ಕಾರ್ಲಾಟಿಯ ಕೆಲವು ಸೊನಾಟಾಗಳಿಗೆ ಐದು ಸ್ಥಾಯಿ ಬೇಕು, ನಾಲ್ಕು ಸ್ಥಾಯಿಯ ವಾದ್ಯ ತಂದರೆ ಅವು ಕೈತಪ್ಪುತ್ತವೆ. ಗೋಲ್ಡ್‌ಬರ್ಗಿಗೂ ಕೆಳಗೆ ಜಿ ತನಕ ಹೋಗಬೇಕು.

ಗರಿಗಳ ಕೆಲಸ ನೀವೇ ಕಲಿಯಬೇಕಾಗುತ್ತದೆ. ಸವೆದ ಗರಿಯ ಸ್ವರ ಸೊರಗುತ್ತದೆ, ಹೊಸ ಗರಿ ವಿಪರೀತ ಜೋರಾಗಿ ಮೀಟುತ್ತದೆ. ಹರಿತ ಬ್ಲೇಡಿನಿಂದ ಗರಿಯ ಕೆಳಗಿನ ಮೈಯನ್ನು ಸಿಪ್ಪೆ ಸಿಪ್ಪೆಯಾಗಿ ಹೆರೆಯುವುದು, ಜ್ಯಾಕ್ ವಾಪಸ್ ಹಾಕಿ ನುಡಿಸಿ ನೋಡುವುದು, ಪಕ್ಕದ ಸ್ವರಕ್ಕೆ ಹೋಲಿಸುವುದು, ಮತ್ತೆ ಹೆರೆಯುವುದು. ಒಂದು ಸಿಪ್ಪೆ ಜಾಸ್ತಿ ಹೋದರೆ ಆ ಗರಿ ಬಿಸಾಕಿ ಹೊಸದರಿಂದ ಶುರು. ತಾಳ್ಮೆ ಇರುವವರಿಗೆ ಇದು ಬಹಳ ಹಿತವಾದ ಕೆಲಸ. ಇಂಥದ್ದಕ್ಕೆಲ್ಲ ಪುರುಸೊತ್ತಿಲ್ಲ ಅನ್ನುವವರು ಕ್ಲಾವಿಕಾರ್ಡಿಗೆ ಹೋಗಿ, ಅಲ್ಲಿ ಗರಿಯೂ ಇಲ್ಲ, ಜ್ಯಾಕೂ ಇಲ್ಲ.

ಸೆಕೆಂಡ್ ಹ್ಯಾಂಡ್ ಪಟ್ಟಿಗಳಲ್ಲಿ ತೀರಾ ಅಗ್ಗಕ್ಕೆ ಬರುವ ಒಂದು ಜಾತಿಯ ಬಗ್ಗೆ ಎಚ್ಚರ. 1950ರಿಂದ 70ರ ದಶಕದವರೆಗೆ ಕಾರ್ಖಾನೆಗಳಲ್ಲಿ ಪಿಯಾನೊ ಕಟ್ಟುವ ರೀತಿಯಲ್ಲೇ ಕಟ್ಟಿದ ಹಾರ್ಪ್ಸಿಕಾರ್ಡುಗಳು ಇವು. ದಪ್ಪ ಮರ, ಕೆಲವಕ್ಕೆ ಲೋಹದ ಚೌಕಟ್ಟು, ಸಾಲು ಪೆಡಲುಗಳು. ನೋಡಲು ಗಂಭೀರ, ದನಿ ಮಾತ್ರ ಕ್ಷೀಣ. ಹಳೇ ವಾದ್ಯಗಳ ಅಳತೆಗೇ ವಾಪಸ್ ಹೋಗಿ ಮಾಡುವ ಪದ್ಧತಿಗೆ 1949ರಲ್ಲಿ ಬಾಸ್ಟನ್ನಿನಲ್ಲಿ ಫ್ರಾಂಕ್ ಹಬರ್ಡ್, ವಿಲಿಯಮ್ ಡೌಡ್ ಸೇರಿ ತೆರೆದ ಕಾರ್ಯಾಗಾರ ದೊಡ್ಡ ಬಲ ಕೊಟ್ಟಿತು. ಆ ದಾರಿಯಲ್ಲಿ ಮಾಡಿದ ಒಂದು ಸಣ್ಣ ಸ್ಪಿನೆಟ್ ಇಂಥ ಮೂರು ಪೆಡಲ್ ವಾದ್ಯಗಳಿಗಿಂತ ಚೆನ್ನಾಗಿ ಹಾಡುತ್ತದೆ.

ಹಳೇ ಪಿಯಾನೊ

ಮೊಜಾರ್ಟ್, ಹೈಡನ್, ಕ್ಲೆಮೆಂಟಿ ಇಷ್ಟ ಅಂದರೆ ಇಲ್ಲಿಗೆ ಬರಬೇಕು. ಪಿಯಾನೊ ಮಾಡಿದವರು ಫ್ಲಾರೆನ್ಸಿನ ಬಾರ್ಟೊಲೊಮಿಯೊ ಕ್ರಿಸ್ಟೊಫೊರಿ, 1700ರ ಸುಮಾರಿಗೆ. ಅವರು 1720ರಲ್ಲಿ ಮಾಡಿದ್ದೊಂದು ಈಗಲೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಆದರೆ ಅದು ಸಾಮಾನ್ಯರ ಮನೆ ಸೇರಿದ್ದು 1760ರ ದಶಕದಲ್ಲಿ, ಲಂಡನ್ನಿನಲ್ಲಿ ಯೋಹಾನೆಸ್ ಝುಂಪೆ ಮೇಜಿನಂಥ ಚಿಕ್ಕ ಸ್ಕ್ವೇರ್ ಪಿಯಾನೊ ಮಾಡಲು ಶುರುಮಾಡಿದ ಮೇಲೆ. ಅಗ್ಗ, ಹಗುರ, ಹಾಡಿಗೆ ತಕ್ಕ ದನಿ. ಮಗಳು ಪಿಯಾನೊ, ಅಳಿಯನೋ ಅಣ್ಣನೋ ಪಕ್ಕದಲ್ಲಿ ನಿಂತು ವಯೊಲಿನ್, ಈ ಜೋಡಿಗೆಂದೇ ಆ ಕಾಲದಲ್ಲಿ ರಾಶಿ ರಾಶಿ ಸೊನಾಟಾಗಳು ಅಚ್ಚಾದವು.

ಮೂಲ ಸ್ಕ್ವೇರ್ ಪಿಯಾನೊಗಳು ಇಂಗ್ಲೆಂಡಿನ ಹರಾಜುಗಳಲ್ಲಿ ಕೆಲವೇ ನೂರು ಪೌಂಡಿಗೆ ಸಿಗುತ್ತವೆ. ಇನ್ನೂರು ವರ್ಷ ಹಳೆಯದು ಇಷ್ಟು ಅಗ್ಗವಾ ಅಂತ ಕಣ್ಣರಳುತ್ತದೆ. ರಿಪೇರಿಗೆ ಅದರ ಹಲವು ಪಟ್ಟು ಖರ್ಚು ಬರುತ್ತದೆ, ಮೈ ತಿರುಚಿಕೊಂಡಿದ್ದರೆ ರಿಪೇರಿಯೂ ವ್ಯರ್ಥ. ಯಾರೋ ಬಲ್ಲವರು ಸರಿಮಾಡಿ ನುಡಿಯುವ ಸ್ಥಿತಿಯಲ್ಲಿರುವುದನ್ನೇ ಜಾಸ್ತಿ ಕೊಟ್ಟು ತನ್ನಿ. ಕೀಗಳ ಮೇಲೆ ಆನೆದಂತ ಇರುವ ಸಾಧ್ಯತೆ ಬಹಳ, ದೇಶದಿಂದ ದೇಶಕ್ಕೆ ಸಾಗಿಸುವ ಯೋಚನೆ ಇದ್ದರೆ ಕೊಳ್ಳುವ ಮುಂಚೆಯೇ ಎರಡೂ ಕಡೆಯ ಕಾನೂನು ವಿಚಾರಿಸಿ.

ವಿಯೆನ್ನಾದ ಬಗೆ ಬೇರೆ. ಮೊಜಾರ್ಟ್ ಇಟ್ಟುಕೊಂಡಿದ್ದ ಆಂಟನ್ ವಾಲ್ಟರ್ ಪಿಯಾನೊದ ಮಾದರಿಯಲ್ಲಿ ಇವತ್ತಿಗೂ ಮಾಡುತ್ತಾರೆ. ಐದು ಸ್ಥಾಯಿ, 61 ಕೀ, ಚರ್ಮ ಹೊದಿಸಿದ ಪುಟ್ಟ ಸುತ್ತಿಗೆ, ಕಾಲ ಪೆಡಲಿನ ಬದಲು ಮಂಡಿಯಿಂದ ಎತ್ತುವ ಹಲಗೆ. ಕೀ ಎಷ್ಟು ಹಗುರ ಅಂದರೆ ಈಗಿನ ಪಿಯಾನೊದ ಕೈ ಇಟ್ಟರೆ ಎಲ್ಲ ಸ್ವರ ಒಟ್ಟಿಗೆ ಉರುಳುತ್ತದೆ. ಬಹಳ ಚೆಂದ, ಬಹಳ ದುಬಾರಿ. ಬಾಖ್ ಮುಖ್ಯ, ಮೊಜಾರ್ಟ್ ಅಪರೂಪಕ್ಕೆ ಅನ್ನುವವರು ಇಷ್ಟು ದುಡ್ಡು ಹಾಕಬೇಕಿಲ್ಲ, ಅನ್‌ಫ್ರೆಟೆಡ್ ಕ್ಲಾವಿಕಾರ್ಡಿನಲ್ಲಿ ಮೊಜಾರ್ಟ್ ಅದ್ಭುತವಾಗಿ ಬರುತ್ತದೆ. ಅವರ ಮನೆಯಲ್ಲೂ ಒಂದು ಕ್ಲಾವಿಕಾರ್ಡ್ ಇತ್ತು.

ಪೈಪುಗಳಿರುವ ಮನೆ ಆರ್ಗನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಜಾಗವೂ ದುಡ್ಡೂ ಇರುವವರಿಗೆ ಮಾತ್ರ ಅದು. ಕನ್ನಡದವರಿಗೆ ಹೇಳಲೇಬೇಕಾದ್ದು ಒಂದಿದೆ: 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಲಂಡನ್ ಸೇರಿದ ಟಿಪ್ಪುವಿನ ಹುಲಿ, ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವುದು, ಅದರ ಮೈಯೊಳಗೂ ಒಂದು ಪುಟ್ಟ ಪೈಪ್ ಆರ್ಗನ್ ಇದೆ, ಗುಂಡಿಯಂಥ ಕೀಗಳ ಸಮೇತ.

ಡಿಜಿಟಲ್ ಆಗದಾ? ಶುರುವಿಗೆ ಆಗುತ್ತದೆ. ಪಿಯಾನೊಟೆಕ್ ತರಹದ ಸಾಫ್ಟ್‌ವೇರಿನಲ್ಲಿ ಹಳೇ ವಾದ್ಯಗಳ ದನಿ ಚೆನ್ನಾಗಿವೆ, ಶ್ರುತಿಯ ಪದ್ಧತಿಗಳನ್ನೂ ಬದಲಾಯಿಸಿ ಕೇಳಬಹುದು. ಯಾವ ವಾದ್ಯ ಬೇಕು ಅಂತ ತೀರ್ಮಾನಿಸಲು ಅದು ಒಳ್ಳೆಯ ದಾರಿ. ಭಾರದ ಕೀಗಳ ಡಿಜಿಟಲ್ ಪಿಯಾನೊಕ್ಕಿಂತ ಆರ್ಗನ್ನಿನ ಹಗುರ ಕೀಬೋರ್ಡ್ ಇದಕ್ಕೆ ಒಳ್ಳೆಯದು. ತಂತಿ ಬೆರಳಿಗೆ ತಾಗುವ ಅನುಭವ ಮಾತ್ರ ಯಾವ ಸಾಫ್ಟ್‌ವೇರೂ ಕೊಡುವುದಿಲ್ಲ.

ಶ್ರುತಿ ಸೇರಿಸುವುದು

ಇವುಗಳಲ್ಲಿ ಯಾವುದನ್ನು ತಂದರೂ ಶ್ರುತಿ ಸೇರಿಸುವುದು ನಿಮ್ಮದೇ ಕೆಲಸ. ಪಿಯಾನೊದ ಹಾಗೆ ವರ್ಷಕ್ಕೊಮ್ಮೆ ಯಾರನ್ನೋ ಕರೆಸಿದರೆ ಆಗದು. ಹಾರ್ಪ್ಸಿಕಾರ್ಡಿನ ಬಿರಡೆಗಳನ್ನು ಹವೆ ಬದಲಾದಾಗಲೆಲ್ಲ ಮುಟ್ಟಬೇಕು, ಕೆಲವೊಮ್ಮೆ ವಾರವಾರ. ಕ್ಲಾವಿಕಾರ್ಡ್ ಸ್ವಲ್ಪ ಹೆಚ್ಚು ದಿನ ನಿಲ್ಲುತ್ತದೆ. ಇದನ್ನು ಕೇಳಿ ಎಷ್ಟೋ ಜನ ಹಿಂದೆ ಸರಿಯುತ್ತಾರೆ. ತಂಬೂರಿಯ ಜೊತೆ ಬೆಳೆದವರು ಸರಿಯಬೇಕಿಲ್ಲ, ನಿಮಗೆ ಇದು ಬೇರೆಯವರಿಗಿಂತ ಬೇಗ ಬರುತ್ತದೆ.

ಯಾಕೆ ಅಂದರೆ, ಈಗಿನ ಪಿಯಾನೊದಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿರುತ್ತಾರೆ. ಅಲ್ಲಿನ ಅಂತರ ಗಾಂಧಾರ ಸಹಜವಾದ ಅಂತರ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲೆ ಇರುತ್ತದೆ, ಅರ್ಧಸ್ವರಕ್ಕೆ 100 ಸೆಂಟ್ ಅಂತ ಲೆಕ್ಕ. ತಂಬೂರಿಯ ಮಂದ್ರ ಷಡ್ಜದಿಂದ ತಾನಾಗಿಯೇ ಹೊರಡುವ ಅಂತರ ಗಾಂಧಾರ ಕೇಳಿ ಬೆಳೆದ ಕಿವಿಗೆ ಪಿಯಾನೊದ ಗಾಂಧಾರ ಯಾವಾಗಲೂ ಒಂಚೂರು ಚುಚ್ಚುತ್ತದೆ, ಅಲ್ವಾ? ಹದಿನಾರು, ಹದಿನೇಳನೇ ಶತಮಾನದ ಯುರೋಪಿನಲ್ಲಿ ಬಳಸುತ್ತಿದ್ದ ಮೀನ್‌ಟೋನ್ ಪದ್ಧತಿಯಲ್ಲಿ ಪಂಚಮವನ್ನು ಸ್ವಲ್ಪ ಇಳಿಸಿ ಗಾಂಧಾರವನ್ನು ಪೂರ್ತಿ ಶುದ್ಧ ಮಾಡುತ್ತಿದ್ದರು. ವರ್ಜಿನಲ್ಲನ್ನು ಹಾಗೆ ಶ್ರುತಿ ಮಾಡಿ ಸಿ, ಇ, ಜಿ ಒಟ್ಟಿಗೆ ಒತ್ತಿ ನೋಡಿ. ಅಲುಗಾಟ ಇಲ್ಲದೆ ನಿಂತ ಆ ದನಿಯನ್ನು ಕೇಳಿದ ಮೇಲೆ ಬರ್ಡ್ ಯಾಕೆ ಹಾಗೆ ಬರೆದರು ಅನ್ನುವುದು ಹೇಳದೆಯೇ ಅರ್ಥವಾಗುತ್ತದೆ. ಇದರಲ್ಲಿ ಎಲ್ಲ ಸ್ವರಗಳನ್ನೂ ಆಧಾರ ಷಡ್ಜ ಮಾಡಿಕೊಂಡು ನುಡಿಸಲಾಗದು, ಕೆಲವು ಜೋಡಿಗಳು ಊಳಿಡುತ್ತವೆ, ಅದಕ್ಕೇ ಅವಕ್ಕೆ ತೋಳ ಅಂತ ಹೆಸರಿಟ್ಟರು. ಬಾಖ್ ಅವರ 48 ಪ್ರೆಲ್ಯೂಡು ಫ್ಯೂಗುಗಳಿಗೆ ಯಾವ ಸ್ವರವನ್ನು ಷಡ್ಜ ಮಾಡಿಕೊಂಡರೂ ಹೊಂದುವ ಬೇರೆ ಪದ್ಧತಿ ಬೇಕು. ಫೋನಿನ ಆ್ಯಪ್ ಇಟ್ಟುಕೊಂಡು ಶುರುಮಾಡಿ, ಆಮೇಲೆ ಕಿವಿಯಿಂದ.

ಊರಿಗೆ ತರುವುದಾದರೆ

ವಿದೇಶದಲ್ಲಿದ್ದು ಮುಂದೆ ಊರಿಗೆ ವಾಪಸ್ ಬರುವ ಯೋಚನೆ ಇರುವವರು ಹವೆಯ ಬಗ್ಗೆ ಈಗಲೇ ಯೋಚಿಸಬೇಕು. ಇವುಗಳ ಸೌಂಡ್‌ಬೋರ್ಡ್ ಮೂರು ಮಿಲಿಮೀಟರ್ ಆಸುಪಾಸಿನ ತೆಳು ಮರ. ಗಾಳಿಯ ತೇವ ಶೇಕಡ 50ರ ಹತ್ತಿರ ಒಂದೇ ಸಮ ಇದ್ದರೆ ಆರಾಮಾಗಿರುತ್ತದೆ. ಯುರೋಪಿನ ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆ ಒಣಗಿ ಮರ ಬಿರಿಯುತ್ತದೆ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಇದರ ಉಲ್ಟಾ, ಮರ ಉಬ್ಬಿ ಕೀ ಸಿಕ್ಕಿಕೊಳ್ಳುತ್ತದೆ, ಜ್ಯಾಕ್ ಇಳಿಯುವುದಿಲ್ಲ, ಕಬ್ಬಿಣದ ತಂತಿಗೆ ತುಕ್ಕು. ಬೆಂಗಳೂರು, ಮೈಸೂರು ಪರವಾಗಿಲ್ಲ, ಮಾರ್ಚ್ ಏಪ್ರಿಲ್‌ನ ಒಣಹವೆಯಲ್ಲಿ ಕೋಣೆಗೆ ಸ್ವಲ್ಪ ತೇವ ಕೊಟ್ಟರೆ ಆಯಿತು. ಕರಾವಳಿಗೆ ನಾನಾದರೆ ಹಿತ್ತಾಳೆ ತಂತಿಯ ಕ್ಲಾವಿಕಾರ್ಡನ್ನೇ ಕಳಿಸುತ್ತೇನೆ. ಅಲುಗಾಡುವ ಭಾಗ ಕಡಿಮೆ, ಹಿತ್ತಾಳೆಗೆ ಕಬ್ಬಿಣದ ತುಕ್ಕಿನ ಕಾಟ ಇಲ್ಲ, ಕೀ ಬಿಗಿಯಾದರೆ ನೀವೇ ಎತ್ತಿ ಸರಿಮಾಡಬಹುದು. ನಮ್ಮ ನಾಡಿನ ಹವೆಗೆ ಇವು ಆಗುವುದೇ ಇಲ್ಲ ಅಂತಲೂ ಅಲ್ಲ. ಹದಿನೆಂಟನೇ ಶತಮಾನದಲ್ಲೇ ಹಡಗಿನಲ್ಲಿ ಕಲ್ಕತ್ತೆಗೆ ಹಾರ್ಪ್ಸಿಕಾರ್ಡುಗಳು ಬರುತ್ತಿದ್ದವು, 1789ರಲ್ಲಿ ವಿಲಿಯಮ್ ಹ್ಯಾಮಿಲ್ಟನ್ ಬರ್ಡ್ ಅನ್ನುವವರು ಹಿಂದೂಸ್ತಾನಿ ಹಾಡುಗಳನ್ನು ಹಾರ್ಪ್ಸಿಕಾರ್ಡಿಗೆ ಹೊಂದಿಸಿ ಅಲ್ಲೇ ಅಚ್ಚು ಹಾಕಿಸಿದರು.

ಸೆಕೆಂಡ್ ಹ್ಯಾಂಡ್ ನೋಡಲು ಹೋದಾಗ ಮುಚ್ಚಳದ ಚಿತ್ರ, ಬಂಗಾರದ ಗೆರೆ ನೋಡುತ್ತಾ ನಿಲ್ಲಬೇಡಿ. ಒಂದು ತುದಿಯಲ್ಲಿ ಬಗ್ಗಿ ಮೈ ನೆಟ್ಟಗಿದೆಯಾ, ತಿರುಚಿದೆಯಾ ನೋಡಿ. ಸೌಂಡ್‌ಬೋರ್ಡಿನಲ್ಲಿ ಸಣ್ಣ ಬಿರುಕಿದ್ದರೆ ಹೆದರಬೇಡಿ, ತುಂಬಬಹುದು. ಕುದುರೆ ಎದ್ದಿದ್ದರೆ, ಬಿರಡೆ ಕೂತ ಮರ ಸೀಳಿದ್ದರೆ ಬಿಟ್ಟುಬಿಡಿ. ಎಲ್ಲ ಕೀಗಳನ್ನೂ ಒಂದೊಂದಾಗಿ ಮೆಲ್ಲಗೆ ಒತ್ತಿ, ಬೆರಳು ಎತ್ತಿದಾಗ ಪ್ರತಿ ಜ್ಯಾಕೂ ಇಳಿದು ದನಿ ನಿಲ್ಲುತ್ತದಾ ಕೇಳಿ. ಎರಡು ಬಿರಡೆಗಳನ್ನು ಸ್ವಲ್ಪ ತಿರುಗಿಸಿ ಅಲ್ಲೇ ನಿಲ್ಲುತ್ತವಾ ನೋಡಲು ಅನುಮತಿ ಕೇಳಿ, ಕೊಡದಿದ್ದರೆ ಅನುಮಾನ ಪಡಿ. ದುಡ್ಡು ಕೊಡುವ ಮುಂಚೆ ಮೂರು ವಸ್ತು ಜೊತೆಗೆ ಬರುತ್ತವಾ ಖಚಿತ ಮಾಡಿಕೊಳ್ಳಿ: ಆ ಬಿರಡೆಗಳ ಅಳತೆಗೆ ಹೊಂದುವ ಶ್ರುತಿ ಕೀ, ಒಂದಿಷ್ಟು ಬಿಡಿ ಗರಿಗಳು, ಯಾವ ಸ್ವರಕ್ಕೆ ಎಷ್ಟು ದಪ್ಪದ ತಂತಿ ಅಂತ ಮಾಡಿದವರು ಬರೆದುಕೊಟ್ಟ ಪಟ್ಟಿ. ಆ ಪಟ್ಟಿಯ ಫೋಟೊ ತೆಗೆದು ಫೋನಿನಲ್ಲಿಟ್ಟುಕೊಳ್ಳಿ, ತಂತಿ ಹರಿದ ದಿನ ಅಂಗಡಿಯವರು ಮೊದಲು ಕೇಳುವುದು ಅದನ್ನೇ.